ಹೇಳಿದಷ್ಟನ್ನೇ ಮಾಡುವ ಹಲಗೆ

೨೦೨೩ನೆಯ ಇಸವಿಯ ಏಪ್ರಿಲ್ ತಿಂಗಳ ೨ನೆಯ ತಾರೀಖಿನ ಬೆಳಿಗ್ಗೆ ನಮ್ಮ ಚಳ್ಳಕೆರೆ ತಾಲ್ಲೂಕಿನ ಬಯಲಿನಲ್ಲಿ ಒಂದು ವಿಶೇಷವು ನಡೆಯಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ರೆಕ್ಕೆಗಳುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿಗೆ ತೂಗುಹಾಕಿ, ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು, ಅಲ್ಲಿಂದ ಕೆಳಕ್ಕೆ ಬಿಟ್ಟರು. ಅದರೊಳಗೆ ಮನುಷ್ಯರಾರೂ ಇರಲಿಲ್ಲ. ಆ ವಾಹನವು ತನ್ನ ಎತ್ತರವನ್ನೂ ವೇಗವನ್ನೂ ದಿಕ್ಕನ್ನೂ ತಾನೇ ಅಳೆದುಕೊಳ್ಳುತ್ತ, ಅದಕ್ಕೆ ತಕ್ಕಂತೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತ, ಇಲ್ಲಿಯ ವೈಮಾನಿಕ ಪರೀಕ್ಷಾ ಕ್ಷೇತ್ರದ ಓಡುದಾರಿಯ ಮೇಲೆ ಬಂದಿಳಿಯಿತು. ೨೦೨೪ರ ಮಾರ್ಚಿಯಲ್ಲಿ ಇಂತಹುದೇ ಪರೀಕ್ಷೆಯು ಇಲ್ಲಿಯೇ ಮತ್ತೊಮ್ಮೆ ನಡೆದಾಗ ಆ ವಾಹನಕ್ಕೆ ಪುಷ್ಪಕವೆಂಬ ಹೆಸರಿತ್ತು. ರಾಮಾಯಣವನ್ನು ಓದಿದ ಮನೆಗಳಲ್ಲಿ ಈ ಹೆಸರಿಗೆ ಅರ್ಥ ಹೇಳಬೇಕಾಗಿಲ್ಲ.

ಆ ಪರೀಕ್ಷಾ ಕ್ಷೇತ್ರದ ಸುತ್ತ ಗೋಡೆಯಿದೆ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ೧,೫೦೦ ಎಕರೆಗಳ ಎರಡನೆಯ ಆವರಣವಿದೆ. ಉಳ್ಳಾರ್ತಿ ಕಾವಲಿನಲ್ಲಿ ೨೦೧೬ರಲ್ಲಿ ಚಂದ್ರನ ಮೇಲಿರುವಂತಹ ಕುಳಿಗಳನ್ನು ತೋಡಿ, ಚಂದ್ರಯಾನದ ಇಳಿಬಂಡಿಯ ಅಳತೆಯ ಸಾಧನಗಳನ್ನು ಪರೀಕ್ಷಿಸಿದರು. ಇವೆಲ್ಲವೂ ಹಿಂದೆ ಅಮೃತಮಹಲ್ ಕಾವಲುಗಳೆನಿಸಿ, ಸುತ್ತಣ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ನೆಲ. ಆ ನೆಲದ ವಿಷಯವಾಗಿ ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋದುದು ಈ ಸೀಮೆಯ ವಾಚಕರಿಗೆ ತಿಳಿದೇ ಇದೆ. ಅದರ ಗುಣದೋಷಗಳ ವಿಚಾರವು ಈ ಪುಟಗಳಿಗೆ ಸೇರಿದುದಲ್ಲ. ಆದರೂ ಒಂದು ಪ್ರಶ್ನೆಯನ್ನು ಗೃಹಸ್ಥರಾದವರು ಕೇಳಲೇಬೇಕಾಗಿದೆ: ಹುಲ್ಲುಗಾವಲು ಕೈಬಿಟ್ಟುಹೋದ ಹಳ್ಳಿಗಳ ಮಕ್ಕಳಿಗೆ, ಆ ಗೋಡೆಯೊಳಗಣ ವಿದ್ಯೆಯಲ್ಲಿ ಪಾಲುಂಟೋ ಇಲ್ಲವೋ?

ಉಂಟೆಂದೇ ನಮ್ಮ ಅಭಿಪ್ರಾಯ. ಪುಷ್ಪಕವು ಮಾಡಿದ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಅಂಗಗಳು ಮಾತ್ರ ಕಾಣುವುವು—ಅಳೆಯುವುದು, ನಿರ್ಣಯಿಸುವುದು, ಮಾಡುವುದು. ಈ ಮೂರನ್ನೂ ಮನೆಯ ಪಡಸಾಲೆಯಲ್ಲಿ ಕುಳಿತು, ಕೆಲವು ನೂರು ರೂಪಾಯಿಗಳ ವೆಚ್ಚದಲ್ಲಿ, ಹತ್ತು ಹನ್ನೆರಡು ವರ್ಷದ ಮಕ್ಕಳು ಕಲಿಯಬಹುದಾದ ಸಾಧನವೊಂದಿದೆ. ಅದರ ಪರಿಚಯವನ್ನು ಮಾಡಿಕೊಡುವುದೇ ಈ ತಿಂಗಳ ನಮ್ಮ ಉದ್ದೇಶ.

ಹಲಗೆಯ ಸ್ವರೂಪ

ಈ ಸಾಧನದ ಹೆಸರು ಆರ್ಡುಯಿನೋ. ಇಟಲಿ ದೇಶದ ಇವ್ರೇಯಾ ಎಂಬ ಪಟ್ಟಣದ ವಿನ್ಯಾಸ ವಿದ್ಯಾಲಯದಲ್ಲಿ ೨೦೦೫ರಲ್ಲಿ ಇದು ಹುಟ್ಟಿತು. ಅದಕ್ಕೆ ಮುಂಚೆ ೨೦೦೩ರಲ್ಲಿ ಅಲ್ಲಿಯೇ ಹೆರ್ನಾಂಡೋ ಬರಗಾನ್ ಎಂಬ ವಿದ್ಯಾರ್ಥಿಯು ಸಿದ್ಧಪಡಿಸಿದ್ದ ಹಲಗೆಯು ಇದಕ್ಕೆ ತಳಹದಿಯಾಯಿತು. ಮಾಸ್ಸಿಮೊ ಬಾಂಜಿ ಮೊದಲಾದ ಅಧ್ಯಾಪಕರಿಗೂ ಅವರ ಸಂಗಡಿಗರಿಗೂ ಬೇಕಾಗಿದ್ದುದು, ಯಂತ್ರಶಾಸ್ತ್ರವನ್ನು ಓದದವರೂ ಬಳಸಬಹುದಾದ, ಹಗುರವಾದ ಬೆಲೆಯ ಒಂದು ಸಲಕರಣೆ. ಕ್ರಿ. ಶ. ೧೦೦೨ರಲ್ಲಿ ಇಟಲಿಗೆ ಅರಸನಾದ ಆರ್ಡುಯಿನೋ ಎಂಬವನ ಹೆಸರನ್ನು ಆ ಊರಿನ ಒಂದು ಪಾನಗೃಹಕ್ಕೆ ಇಟ್ಟಿದ್ದರು. ಆ ಪಾನಗೃಹದಿಂದ ಹೆಸರು ಹಲಗೆಗೆ ಬಂದಿತು. ಅದರ ಬಗೆಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ‘ಊನೋ’ ಎಂಬುದು. ಇಟಲಿಯವರ ಮಾತಿನಲ್ಲಿ ಊನೋ ಎಂದರೆ ಒಂದು. ನಮ್ಮ ಸಂಸ್ಕೃತದ ಊನ ಶಬ್ದಕ್ಕೂ ಇದಕ್ಕೂ ನಂಟಿಲ್ಲವಾದುದರಿಂದ, ಹೆಸರನ್ನು ಕೇಳಿ ಯಾರೂ ಶಂಕಿಸಬೇಕಾಗಿಲ್ಲ.

ಅಂಗೈಯಲ್ಲಿ ಅಡಗುವ ಈ ಹಲಗೆಯ ಉದ್ದವು ಸುಮಾರು ಏಳು ಸೆಂಟಿಮೀಟರು; ಅಗಲವು ಐದೂವರೆಗೆ ಸ್ವಲ್ಪ ಕಡಮೆ. ನಡುವೆ ಕೂತಿರುವ ಕರಿಯ ತುಣುಕೇ ಇದರ ಜೀವ. ಅದನ್ನು ಕಿರುನಿಯಂತ್ರಕವೆಂದು ಕರೆಯಬಹುದು. ಅಂಗಡಿಯಲ್ಲಿ ಮಾತ್ರ ಮೈಕ್ರೋಕಂಟ್ರೋಲರ್ ಎಂದೇ ಹೇಳತಕ್ಕದ್ದು. ಬಹುಕಾಲದಿಂದ ಬಳಕೆಯಲ್ಲಿರುವ ‘ಆರ್ ೩’ ಎಂಬ ಬಗೆಯಲ್ಲಿ ಅದು ಸೆಕೆಂಡಿಗೆ ೧ ಕೋಟಿ ೬೦ ಲಕ್ಷ ಮಿಡಿತಗಳ ವೇಗದಲ್ಲಿ ನಡೆಯುತ್ತದೆ. ಹಲಗೆಯ ಎರಡು ಅಂಚುಗಳಲ್ಲಿ ತಂತಿ ಚುಚ್ಚುವ ತೂತುಗಳಿವೆ. ಇವುಗಳಿಗೆ ಪಿನ್ನುಗಳೆಂದು ಹೆಸರು. ೧೪ ಪಿನ್ನುಗಳು ‘ಉಂಟು’ ಅಥವಾ ‘ಇಲ್ಲ’ ಎಂಬ ಎರಡೇ ಮಾತುಗಳನ್ನು ಆಡಬಲ್ಲವು, ಕೇಳಬಲ್ಲವು. ಬೇರೆ ೬ ಪಿನ್ನುಗಳು ‘ಎಷ್ಟು’ ಎಂಬುದನ್ನು ಅಳೆಯಬಲ್ಲವು. ಸೊನ್ನೆಯಿಂದ ೫ ವೋಲ್ಟಿನವರೆಗಿನ ವಿದ್ಯುತ್ತನ್ನು ೦ಯಿಂದ ೧೦೨೩ರವರೆಗಿನ ಸಂಖ್ಯೆಯಾಗಿ ತಿಳಿಸುವುವು.

ಇದರ ಮುಖ್ಯವಾದ ನೆನಪುಗಳು ಎರಡು ಬಗೆಯವು. ನಾವು ಬರೆದ ಆಜ್ಞೆಗಳು ನಿಲ್ಲುವ ನೆನಪು ೩೨ ಕಿಲೋಬೈಟು. ವಿದ್ಯುತ್ತು ಹೋದರೂ ಅದು ಅಳಿಯದು. ಕೆಲಸದ ನಡುವೆ ಲೆಕ್ಕಗಳನ್ನು ಗುರುತು ಹಾಕಿಕೊಳ್ಳುವ ನೆನಪು ೨ ಕಿಲೋಬೈಟು ಮಾತ್ರ. ವಿದ್ಯುತ್ತು ಹೋದೊಡನೆ ಅದು ಬರಿದಾಗುವುದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಶಾಸನವು ಎರಡು ಸಾವಿರ ವರ್ಷಗಳಿಗೂ ಮೀರಿ ನಿಂತಿದೆ. ಮಕ್ಕಳು ಮರಳಿನ ಮೇಲೆ ತಿದ್ದಿದ ಅಕ್ಷರವು ಕೈ ಆಡಿಸಿದರೆ ಹೋಯಿತು. ಮೊದಲನೆಯ ನೆನಪು ಬಂಡೆಯಂತೆ, ಎರಡನೆಯದು ಮರಳಿನಂತೆ ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯಲಾರರು.

ಮಗ್ಗದ ಮೇಲಣ ರಟ್ಟುಗಳು

ಆಜ್ಞೆಗಳನ್ನು ಮೊದಲೇ ಬರೆದಿಟ್ಟು ಯಂತ್ರದಿಂದ ಕೆಲಸ ತೆಗೆಯುವ ಉಪಾಯವು ಹೊಸದೆಂದು ಭಾವಿಸಬಾರದು. ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನಲ್ಲಿ ಮಗ್ಗದ ಮೇಲೆ ಜಕಾರ್ಡ್ ಕೂರಿಸಿದ ಮನೆಗೆ ಹೋಗಿ ನೋಡಬಹುದು. ತೂತು ಹೊಡೆದ ರಟ್ಟುಗಳನ್ನು ದಾರದಿಂದ ಸಾಲಾಗಿ ಪೋಣಿಸಿರುತ್ತಾರೆ. ಲಾಳಿಯು ಒಂದು ಸಲ ಹಾಯುವುದಕ್ಕೆ ಒಂದು ರಟ್ಟು. ತೂತಿದ್ದ ಕಡೆ ಹಾಸಿನ ಎಳೆಯು ಮೇಲೇಳುತ್ತದೆ. ತೂತಿಲ್ಲದ ಕಡೆ ಏಳುವುದಿಲ್ಲ. ಫ್ರಾನ್ಸ್ ದೇಶದ ಲಿಯೋನ್ ನಗರದ ಜಕಾರ್ಡನು ಈ ಯುಕ್ತಿಯನ್ನು ಬಳಕೆಗೆ ತಂದುದು ೧೮೦೪ರಲ್ಲಿ. ಸೆರಗಿನ ಮೇಲಣ ಹೂವೂ ಹಕ್ಕಿಯೂ ಈ ‘ಉಂಟು, ಇಲ್ಲ’ಗಳ ಸಾಲಿನಿಂದಲೇ ಮೂಡುತ್ತವೆ. ಎರಡು ರಟ್ಟುಗಳು ಹಿಂದುಮುಂದಾದರೆ ಮಗ್ಗವು ಅದನ್ನು ತಿದ್ದುವುದಿಲ್ಲ. ಹಕ್ಕಿಯ ಕೊಕ್ಕನ್ನು ಮುರಿದೇ ನೇಯುತ್ತದೆ.

ಹಲಗೆಯ ಸ್ವಭಾವವೂ ಇದೇ. ಅದಕ್ಕೆ ಬುದ್ಧಿಯಿಲ್ಲ, ಹಟವೂ ಇಲ್ಲ. ಹೇಳಿದಷ್ಟನ್ನು ಮಾಡುವುದು, ಹೇಳದೆ ಬಿಟ್ಟುದನ್ನು ಊಹಿಸಿಕೊಳ್ಳದು. ಮನೆಯಲ್ಲಿ “ಸ್ವಲ್ಪ ನೀರು ಹಾಕು” ಎಂದರೆ ಸೊಸೆಗೂ ಮಗನಿಗೂ ಅರ್ಥವಾಗುತ್ತದೆ. ಈ ಹಲಗೆಗೆ ಎಷ್ಟು, ಯಾವಾಗ, ಎಲ್ಲಿಯವರೆಗೆ ಎಂಬ ಮೂರನ್ನೂ ಬಿಡಿಸಿ ಹೇಳಬೇಕು. ಆದಕಾರಣ ಇದನ್ನು ಕಲಿಯುವವನು ಮೊದಲು ಕಲಿಯುವುದು ವಿದ್ಯುತ್ತನ್ನಲ್ಲ, ತನ್ನ ಮನಸ್ಸಿನ ಮಾತನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುವುದನ್ನು.

ಮೊದಲನೆಯ ಪಾಠ

ಬೇಕಾದ ಸಾಮಗ್ರಿಗಳು ಬಹಳವಿಲ್ಲ. ಒಂದು ಊನೋ ಹಲಗೆ. ಅದಕ್ಕೆ ಹೊಂದುವ ಯು. ಎಸ್. ಬಿ. ತಂತಿ, ಒಂದು ಬ್ರೆಡ್‌ಬೋರ್ಡು, ನಾಲ್ಕಾರು ಎಲ್. ಇ. ಡಿ. ದೀಪಗಳು, ೨೨೦ ಓಮಿನ ಕೆಲವು ರೆಸಿಸ್ಟರುಗಳು, ಹತ್ತಾರು ತುಂಡು ತಂತಿಗಳು. ಹಿಂದೆ ರೇಡಿಯೋ ಹವ್ಯಾಸಿಗಳು ಬ್ರೆಡ್ಡು ಕೊಯ್ಯುವ ಮರದ ಮಣೆಯ ಮೇಲೆ ಮೊಳೆ ಹೊಡೆದು ತಂತಿಗಳನ್ನು ಜೋಡಿಸುತ್ತಿದ್ದುದರಿಂದ ಬ್ರೆಡ್‌ಬೋರ್ಡೆಂಬ ಹೆಸರು ಉಳಿಯಿತು. ಈಗಿನದರಲ್ಲಿ ಮೊಳೆಯ ಬದಲು ತೂತುಗಳಿವೆ. ಒಂದು ಸಾಲಿನ ಐದು ತೂತುಗಳು ಒಳಗಿನಿಂದ ಒಂದಕ್ಕೊಂದು ಕೂಡಿಕೊಂಡಿರುತ್ತವೆ.

ಕೊಳ್ಳುವಾಗ ಎರಡು ವಿಷಯಗಳನ್ನು ಗಮನಿಸತಕ್ಕದ್ದು. ಈ ಹಲಗೆಯ ನಕ್ಷೆಯನ್ನು ಅದರ ಕರ್ತೃಗಳು ಲೋಕಕ್ಕೆ ಬಿಟ್ಟುಕೊಟ್ಟಿರುವರು. ಅದನ್ನು ನೋಡಿ ಯಾರು ಬೇಕಾದರೂ ಹಲಗೆಯನ್ನು ಮಾಡಬಹುದು, ಆರ್ಡುಯಿನೋ ಎಂಬ ಹೆಸರನ್ನು ಮಾತ್ರ ಹಾಕಿಕೊಳ್ಳಲಾಗದು. ಆದುದರಿಂದ ಅಗ್ಗದ ಪ್ರತಿಗಳು ಬೇಕಾದಷ್ಟಿವೆ, ಕಲಿಯುವುದಕ್ಕೆ ಅವು ಸಾಕು. ಎರಡನೆಯದು ತಂತಿಯ ವಿಷಯ. ಕೆಲವು ತಂತಿಗಳು ಫೋನಿಗೆ ಚಾರ್ಜು ತುಂಬಲು ಮಾತ್ರ ಬರುತ್ತವೆ; ಅವುಗಳೊಳಗೆ ಸಮಾಚಾರ ಸಾಗಿಸುವ ಎಳೆಗಳೇ ಇರುವುದಿಲ್ಲ. ಅಂತಹುದನ್ನು ಜೋಡಿಸಿದರೆ ದೀಪವು ಹತ್ತುವುದು, ಹಲಗೆಯು ಮಾತನ್ನು ಮಾತ್ರ ಕೇಳಿಸಿಕೊಳ್ಳದು. ಹಲಗೆ ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮುನ್ನ ಬೇರೊಂದು ತಂತಿಯನ್ನು ಹಾಕಿ ನೋಡಬೇಕು. ಕಂಪ್ಯೂಟರಿಲ್ಲದ ಮನೆಯಲ್ಲಿ, ಓ. ಟಿ. ಜಿ. ಎಂಬ ಜೋಡಣೆಯ ಮೂಲಕ ಆಂಡ್ರಾಯ್ಡ್ ಫೋನಿನಿಂದಲೂ ಆಜ್ಞೆಗಳನ್ನು ಬರೆದು ಕಳುಹಿಸಲು ಸಾಧ್ಯವಿದೆ.

ಬರೆಯುವ ಆಜ್ಞಾಪತ್ರಕ್ಕೆ ಎರಡು ಭಾಗಗಳು. ‘ಸೆಟಪ್’ ಎಂಬ ಮೊದಲನೆಯದನ್ನು ಹಲಗೆಯು ಎಚ್ಚರವಾದಾಗ ಒಮ್ಮೆ ಮಾತ್ರ ಮಾಡುತ್ತದೆ. ‘ಲೂಪ್’ ಎಂಬ ಎರಡನೆಯದನ್ನು ವಿದ್ಯುತ್ತಿರುವವರೆಗೂ ಕೊನೆಯಿಂದ ಮೊದಲಿಗೆ ಬಂದು ಮತ್ತೆ ಮತ್ತೆ ಮಾಡುತ್ತಲೇ ಇರುತ್ತದೆ. ಪೂಜೆಗೆ ಕುಳಿತವನು ಸಂಕಲ್ಪವನ್ನು ಒಮ್ಮೆ ಮಾಡಿ, ಜಪವನ್ನು ಎಣಿಸುತ್ತ ಹೋಗುವಂತೆ ಇದು.

ಹಲಗೆಯ ಮೇಲೆಯೇ ೧೩ನೆಯ ಪಿನ್ನಿಗೆ ಸೇರಿದ ಒಂದು ಚಿಕ್ಕ ದೀಪವಿದೆ. ಅದನ್ನು ಮಿನುಗಿಸುವುದೇ ಓಂಕಾರ. ಲೂಪಿನಲ್ಲಿ ನಾಲ್ಕು ಆಜ್ಞೆಗಳನ್ನು ಬರೆಯಬೇಕು: ದೀಪ ಹತ್ತಲಿ, ೧,೦೦೦ ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡು, ತಡೆ, ದೀಪ ಆರಲಿ, ಇನ್ನೂ ೧,೦೦೦ ತಡೆ. ಪ್ರತಿಯೊಂದು ಆಜ್ಞೆಯ ಕೊನೆಯಲ್ಲಿ ಅರ್ಧವಿರಾಮದ ಚಿಹ್ನೆಯನ್ನು ಇಡಬೇಕು. ಅದೊಂದು ಬಿಟ್ಟುಹೋದರೂ ಆಜ್ಞಾಪತ್ರವು ಹಲಗೆಯನ್ನು ಸೇರುವ ಮೊದಲೇ ಹಿಂದಕ್ಕೆ ಬರುವುದು.

ಈಗ ಮಕ್ಕಳಿಗೆ ಒಂದು ಪ್ರಶ್ನೆ ಹಾಕಬೇಕು. ನಾಲ್ಕನೆಯ ಆಜ್ಞೆಯನ್ನು ಅಳಿಸಿದರೆ ಏನಾದೀತು? ಒಂದು ಸೆಕೆಂಡು ಹತ್ತಿ, ಆಮೇಲೆ ಆರಿಹೋಗುವುದೆಂದು ಹೆಚ್ಚಿನ ಮಕ್ಕಳು ಹೇಳುವರು. ಮಾಡಿ ನೋಡಿದರೆ ದೀಪವು ಆರದೆ ಉರಿಯುತ್ತಲೇ ಇರುವಂತೆ ಕಾಣುವುದು! ಹಲಗೆಯು ತಪ್ಪು ಮಾಡಲಿಲ್ಲ. ಆರಿಸೆಂದಾಗ ಆರಿಸಿತು; ತಡೆಯೆಂದು ಯಾರೂ ಹೇಳಲಿಲ್ಲವಾಗಿ, ಒಡನೆಯೇ ಮೊದಲಿಗೆ ಬಂದು ಪುನಃ ಹತ್ತಿಸಿತು. ಆರಿದ್ದ ಕಾಲವು ಕಣ್ಣಿಗೆ ನಿಲುಕದಷ್ಟು ಅಲ್ಪ. ಆಡಿದ ಮಾತಿಗೂ ಮನಸ್ಸಿನಲ್ಲಿದ್ದ ಮಾತಿಗೂ ಇರುವ ಅಂತರವನ್ನು ಇಷ್ಟು ಚೆನ್ನಾಗಿ ತೋರಿಸುವ ಉಪಾಧ್ಯಾಯರು ಅಪರೂಪ.

ವ್ಯಾಕರಣವನ್ನು ಬಲ್ಲವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವು ತೋರುವುದು. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಅನುವೃತ್ತಿಯೆಂಬ ಏರ್ಪಾಡಿದೆ. ಒಂದು ಸೂತ್ರದಲ್ಲಿ ಹೇಳಿದ ಪದವು, ತಡೆಯುವ ಕಾರಣ ಬರುವವರೆಗೆ, ಮುಂದಿನ ಸೂತ್ರಗಳಿಗೂ ಹರಿದುಬರುತ್ತದೆ. ಹಲಗೆಯಲ್ಲಿಯೂ ಹಾಗೆಯೇ: ‘ಹತ್ತಲಿ’ ಎಂದು ಒಮ್ಮೆ ಹೇಳಿದ ಪಿನ್ನು, ‘ಆರಲಿ’ ಎಂಬ ಮಾತು ಬರುವವರೆಗೆ ಹತ್ತಿಯೇ ಇರುತ್ತದೆ.

ಆಜ್ಞೆಗಳ ಶಬ್ದಗಳು ಇಂಗ್ಲಿಷಿನವು. ಆರಂಭಕ್ಕೆ ಹತ್ತು ಹದಿನೈದು ಶಬ್ದಗಳಿಗಿಂತ ಹೆಚ್ಚು ಬೇಕಾಗದು. ಎರಡು ಓರೆಗೆರೆಗಳನ್ನು ಹಾಕಿ ಅದರ ಮುಂದೆ ಬರೆದುದನ್ನು ಯಂತ್ರವು ಓದದೆ ಬಿಡುತ್ತದೆ; ಅದು ಮನುಷ್ಯರಿಗಾಗಿ ಬರೆಯುವ ಟಿಪ್ಪಣಿ. ಪ್ರತಿಯೊಂದು ಆಜ್ಞೆಯ ಮುಂದೆಯೂ ಅದರ ಅರ್ಥವನ್ನು ಮಕ್ಕಳು ಕನ್ನಡದಲ್ಲಿಯೇ ಬರೆಯಲೆಂದು ನಾವು ಒತ್ತಿ ಹೇಳುವೆವು. ತಾಯ್ನುಡಿಯಲ್ಲಿ ಹೇಳಲಾಗದುದು ಇನ್ನೂ ತಿಳಿದಿಲ್ಲವೆಂದೇ ಅರ್ಥ.

ಎರಡನೆಯ ಪಾಠ: ಮಣ್ಣಿನ ತೇವ

ಮಿನುಗುವ ದೀಪವು ಆಟವಾಯಿತು. ಮಳೆ ಕಡಮೆಯಾದ ನಮ್ಮ ಸೀಮೆಗೆ ಒಪ್ಪುವ ಪಾಠವು ತೇವವನ್ನು ಅಳೆಯುವುದು. ಮಣ್ಣಿನಲ್ಲಿ ಊರುವ ತೇವಮಾಪಕದ ಕಡ್ಡಿಗಳು ಅಗ್ಗವಾಗಿ ದೊರೆಯುತ್ತವೆ. ಅದನ್ನು ‘ಎಷ್ಟು’ ಎಂದು ಅಳೆಯುವ ಪಿನ್ನಿಗೆ ಜೋಡಿಸಿದರೆ ಸಂಖ್ಯೆಯು ಬರುವುದು. ಸಾಮಾನ್ಯವಾಗಿ ಸಿಕ್ಕುವ ಬಗೆಯಲ್ಲಿ ಮಣ್ಣು ಒಣಗಿದಷ್ಟೂ ಸಂಖ್ಯೆ ದೊಡ್ಡದು, ನೆನೆದಷ್ಟೂ ಚಿಕ್ಕದು. ಲೋಹವು ಬರಿದಾಗಿ ಕಾಣುವ ಕಡ್ಡಿಗಳು ಸದಾ ವಿದ್ಯುತ್ತಿನಲ್ಲಿದ್ದರೆ ಬೇಗ ಸವೆದುಹೋಗುವುವು. ಅಳೆಯುವ ಹೊತ್ತಿಗೆ ಮಾತ್ರ ವಿದ್ಯುತ್ತು ಕೊಡುವುದು, ಇಲ್ಲವೇ ಲೋಹವನ್ನು ಮುಚ್ಚಿರುವ ‘ಕೆಪಾಸಿಟಿವ್’ ಬಗೆಯನ್ನು ಕೊಳ್ಳುವುದು ಮೇಲು.

ಆದರೆ ೬೦೦ ಎಂಬ ಸಂಖ್ಯೆ ಬಂದರೆ ಅದರ ಅರ್ಥವೇನು? ಇದನ್ನು ಯಾವ ಪುಸ್ತಕವೂ ಹೇಳಲಾರದು. ಎರೆಯ ಮಣ್ಣಿನಲ್ಲಿ ಒಂದು, ಕೆಂಪು ಮಸಾರಿಯಲ್ಲಿ ಮತ್ತೊಂದು, ಮರಳು ಬೆರೆತ ನೆಲದಲ್ಲಿ ಇನ್ನೊಂದು. ಇಲ್ಲಿಯೇ ಮನೆಯ ಹಿರಿಯರ ಕೆಲಸವು ಬರುವುದು. ಶೇಂಗಾ ಬಿತ್ತಿ ಬೆಳೆದ ಅಜ್ಜನಿಗೆ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಸುಕಿದರೆ ಸಾಕು, ಬಿತ್ತನೆಗೆ ಹದವಾಗಿದೆಯೋ ಇಲ್ಲವೋ ತಿಳಿಯುತ್ತದೆ. ಒಂದು ಕುಂಡದಲ್ಲಿ ಹೊಲದ ಮಣ್ಣನ್ನು ತುಂಬಿ ನೀರು ಹಾಕಿ, ದಿನವೂ ಬೆಳಿಗ್ಗೆ ಅಜ್ಜನು ಮಣ್ಣನ್ನು ಮುಟ್ಟಿ “ಹಸಿ”, “ಹದ”, “ಒಣಗಿತು” ಎಂದು ಹೇಳಲಿ. ಮೊಮ್ಮಗಳು ಆ ಮಾತಿನ ಪಕ್ಕದಲ್ಲಿ ಹಲಗೆಯು ತೋರಿಸಿದ ಸಂಖ್ಯೆಯನ್ನು ಬರೆಯಲಿ. ಎರಡು ವಾರಗಳಲ್ಲಿ ಆ ಮನೆಗೆ, ಆ ಹೊಲಕ್ಕೆ ಮಾತ್ರ ಸಲ್ಲುವ ಒಂದು ಪಟ್ಟಿಯು ಸಿದ್ಧವಾಗುವುದು. ಅಜ್ಜನ ಕೈಯಿಲ್ಲದೆ ಹಲಗೆಯ ಸಂಖ್ಯೆಗೆ ಅರ್ಥವಿಲ್ಲ; ಬರೆದಿಡದಿದ್ದರೆ ಅಜ್ಜನ ಅನುಭವವು ಅವನೊಡನೆಯೇ ಹೋಗುವುದು.

ಪಟ್ಟಿಯಾದ ಮೇಲೆ ನಿರ್ಣಯದ ಮಾತು. ಸಂಖ್ಯೆಯು ೬೦೦ನ್ನು ದಾಟಿದರೆ ಕೆಂಪು ದೀಪ ಹತ್ತಲಿ, ಇಲ್ಲವಾದರೆ ಆರಲಿ ಎಂದು ಬರೆಯೋಣ. ಗಡಿಯ ಹತ್ತಿರ ಬಂದಾಗ ಸಂಖ್ಯೆಯು ೫೯೮, ೬೦೩, ೫೯೯ ಎಂದು ಅಲ್ಲಾಡುವುದು ಸಹಜ. ದೀಪವು ಪಟಪಟನೆ ಹತ್ತಿ ಆರತೊಡಗುವುದು. ದೀಪಕ್ಕೆ ಇದರಿಂದ ಹಾನಿಯಿಲ್ಲ. ಅದೇ ನೀರೆತ್ತುವ ಮೋಟಾರಾಗಿದ್ದರೆ, ಪ್ರತಿ ಸಲ ಹೊರಡುವಾಗಲೂ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚಿನ ವಿದ್ಯುತ್ತನ್ನು ಎಳೆದು, ಕಾದು, ಸುಟ್ಟುಹೋಗುವುದು. ಇದಕ್ಕೆ ಪರಿಹಾರವೆಂದರೆ ಒಂದು ಗಡಿಯ ಬದಲು ಎರಡು ಗಡಿಗಳು. ೭೦೦ನ್ನು ದಾಟಿದರೆ ಹತ್ತಲಿ; ೫೦೦ಕ್ಕಿಂತ ಇಳಿದರೆ ಆರಲಿ; ನಡುವೆ ಇದ್ದರೆ ಇದ್ದಂತೆಯೇ ಇರಲಿ. ನಾವು ಮೇಲೆ ಹೇಳಿದ ಅನುವೃತ್ತಿಯ ಪ್ರಯೋಜನವು ಇಲ್ಲಿ ಕಾಣುವುದು. ಹೊಟ್ಟೆ ತುಂಬುವವರೆಗೆ ಉಂಡು, ಹಸಿವಾಗುವವರೆಗೆ ಸುಮ್ಮನಿರುವುದು ಆರೋಗ್ಯದ ಲಕ್ಷಣವಲ್ಲವೇ? ಇದೂ ಅದೇ.

ಎಚ್ಚರಿಕೆ

ಇಷ್ಟಾದೊಡನೆ ಕೊಳವೆಬಾವಿಯ ಮೋಟಾರಿಗೇ ಇದನ್ನು ಜೋಡಿಸೋಣವೆಂದು ಉತ್ಸಾಹವುಂಟಾಗುವುದು. ಕೂಡದು. ಲೆಕ್ಕವನ್ನು ನೋಡಿ: ಒಂದು ಪಿನ್ನಿನಿಂದ ನಿರ್ಭಯವಾಗಿ ತೆಗೆಯಬಹುದಾದುದು ೨೦ ಮಿಲಿಆಂಪಿಯರು, ೫ ವೋಲ್ಟಿನಿಂದ ಗುಣಿಸಿದರೆ ಒಂದು ವ್ಯಾಟಿನ ಹತ್ತನೆಯ ಒಂದು ಪಾಲು. ೫ ಅಶ್ವಶಕ್ತಿಯ ಮೋಟಾರಿಗೆ ಸುಮಾರು ೩,೭೦೦ ವ್ಯಾಟು, ಎಂದರೆ ಮೂವತ್ತೇಳು ಸಾವಿರದಷ್ಟು ಹೆಚ್ಚು. ಹಲಗೆಯು ಆಜ್ಞೆ ಕೊಡಬಲ್ಲುದು, ಹೊರೆ ಹೊರಲಾರದು. ಹೊರುವುದಕ್ಕೆ ರಿಲೇ, ಸ್ಟಾರ್ಟರು ಮೊದಲಾದ ಬೇರೆ ಸಲಕರಣೆಗಳು ಬೇಕು. ಅವನ್ನು ಬಲ್ಲ ಎಲೆಕ್ಟ್ರಿಷಿಯನ್ನರಲ್ಲದೆ ಇತರರು ಮುಟ್ಟಬಾರದು. ೨೩೦ ವೋಲ್ಟಿನ ಮನೆಯ ವಿದ್ಯುತ್ತೇ ಪ್ರಾಣವನ್ನು ತೆಗೆಯಬಲ್ಲುದು. ಮೂರು ಫೇಸಿನದನ್ನು ಕುರಿತು ಹೇಳಬೇಕಾದುದಿಲ್ಲ. ಮಕ್ಕಳ ಪ್ರಯೋಗವೆಲ್ಲ ೫ ವೋಲ್ಟಿನೊಳಗೇ ಮುಗಿಯತಕ್ಕದ್ದು.

ಆ ೫ ವೋಲ್ಟಿನಲ್ಲಿಯೂ ನಿಯಮವುಂಟು. ಹೊರಗಿನ ಎಲ್. ಇ. ಡಿ. ದೀಪವನ್ನು ರೆಸಿಸ್ಟರಿಲ್ಲದೆ ಪಿನ್ನಿಗೆ ಜೋಡಿಸಬಾರದು. ಕೆಂಪು ದೀಪವು ತನಗೆ ಸುಮಾರು ೨ ವೋಲ್ಟನ್ನು ಇಟ್ಟುಕೊಳ್ಳುವುದು, ಉಳಿದ ೩ ವೋಲ್ಟನ್ನು ೨೨೦ರಿಂದ ಭಾಗಿಸಿದರೆ ೧೪ ಮಿಲಿಆಂಪಿಯರಿಗೆ ಹತ್ತಿರ ಬರುವುದು, ಇದು ಸುರಕ್ಷಿತ. ದೀಪದ ಉದ್ದನೆಯ ಕಾಲು ಪಿನ್ನಿನ ಕಡೆಗೆ, ಗಿಡ್ಡ ಕಾಲು ‘ಗ್ರೌಂಡ್’ ಕಡೆಗೆ ಇರಬೇಕು. ೫ ವೋಲ್ಟಿನ ತೂತನ್ನೂ ಗ್ರೌಂಡನ್ನೂ ನೇರವಾಗಿ ಒಂದೇ ತಂತಿಯಿಂದ ಎಂದಿಗೂ ಕೂಡಿಸಬಾರದು. ತಂತಿಗಳನ್ನು ಬದಲಾಯಿಸುವಾಗ ಯು. ಎಸ್. ಬಿ.ಯನ್ನು ಮೊದಲು ಕೀಳಬೇಕು.

ಗೃಹಸ್ಥರ ಕರ್ತವ್ಯ

ಈಗ ನಮ್ಮ ಮನೆಗಳಲ್ಲಿ ತಾವಾಗಿ ಕೆಲಸ ಮಾಡುವ ಯಂತ್ರಗಳಿಗೆ ಕೊರತೆಯಿಲ್ಲ. ಬಟ್ಟೆ ಒಗೆಯುವ ಯಂತ್ರದೊಳಗೂ, ಕೈಯಲ್ಲಿ ಹಿಡಿದ ಫೋನಿನೊಳಗೂ, ದ್ವಿಚಕ್ರವಾಹನದೊಳಗೂ ಇಂತಹ ನಿಯಂತ್ರಕಗಳಿವೆ. ಆದರೆ ಅವೆಲ್ಲವೂ ಮುಚ್ಚಿದ ಪೆಟ್ಟಿಗೆಗಳು. ಕೆಟ್ಟರೆ ಎಸೆಯುವುದಲ್ಲದೆ ಬೇರೆ ದಾರಿ ಕಾಣದು. ಒಳಗೇನಿದೆಯೆಂದು ತಿಳಿಯದೆ ಬಳಸುತ್ತ ಹೋದ ಮಕ್ಕಳು, ಮುಂದೆ ದುಡ್ಡು ಕೊಡುವ ಗಿರಾಕಿಗಳಾಗಿಯೇ ಉಳಿಯುವರು. ದೀಪವೊಂದನ್ನು ತಾನೇ ಬರೆದ ಮಾತಿನಿಂದ ಮಿನುಗಿಸಿದ ಮಗುವಾದರೋ, ಗೋಡೆಯ ಆಚೆಗಿನ ದೊಡ್ಡ ಯಂತ್ರವೂ ಇದೇ ವರ್ಗದ್ದೆಂದು ಅರಿಯುವುದು. ಅರಿತವರಿಗೆ ಭಯವಿಲ್ಲ, ಭಯವಿಲ್ಲದವರು ಒಂದು ದಿನ ಬಾಗಿಲನ್ನು ತಟ್ಟಿಯಾರು.

ಬಾಗಿಲುಗಳು ಕೆಲವು ತೆರೆದೂ ಇವೆ. ಕುದಾಪುರದ ಆವರಣದಲ್ಲಿ ವಿಜ್ಞಾನ ಸಂಸ್ಥೆಯವರ ಪ್ರತಿಭಾ ವಿಕಾಸ ಕೇಂದ್ರವು ಶಾಲಾ ಕಾಲೇಜುಗಳ ವಿಜ್ಞಾನೋಪಾಧ್ಯಾಯರಿಗೆ ಪ್ರಯೋಗಗಳ ತರಬೇತಿಯನ್ನು ಕೊಡುತ್ತಿದೆ. ನೀತಿ ಆಯೋಗದವರು ೨೦೧೬ರಲ್ಲಿ ಆರಂಭಿಸಿದ ಯೋಜನೆಯಂತೆ ಆರರಿಂದ ಹನ್ನೆರಡನೆಯ ತರಗತಿಯವರಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳು ದೇಶದ ಸಾವಿರಾರು ಶಾಲೆಗಳಲ್ಲಿ ಏರ್ಪಟ್ಟಿವೆ. ಇಂತಹ ಹಲಗೆಗಳು ಅಲ್ಲಿ ಇರುತ್ತವೆ. ನಿಮ್ಮ ಊರಿನ ಶಾಲೆಯಲ್ಲಿ ಅಂತಹ ಕೋಣೆಯಿದ್ದರೆ, ಅದರ ಬೀಗವು ವಾರಕ್ಕೆ ಎಷ್ಟು ದಿನ ತೆಗೆದಿರುತ್ತದೆಂದು ವಿಚಾರಿಸುವುದು ಪೋಷಕರ ಹಕ್ಕು, ಕರ್ತವ್ಯವೂ ಹೌದು. ಇಲ್ಲದಿದ್ದರೆ ನಾಲ್ಕು ಮನೆಯವರು ಕೂಡಿ ಒಂದು ಹಲಗೆಯನ್ನು ಕೊಂಡರೂ ಆದೀತು. ಗಂಡುಮಕ್ಕಳಿಗೆ ಹಲಗೆ, ಹೆಣ್ಣುಮಕ್ಕಳಿಗೆ ನೋಡುವ ಭಾಗ್ಯ ಎಂಬಂತೆ ಮಾತ್ರ ಆಗಬಾರದು. ಲೆಕ್ಕದಿಂದ ರಂಗವಲ್ಲಿಯ ಚುಕ್ಕಿಗಳನ್ನಿಟ್ಟು ಎಳೆಯನ್ನು ತಪ್ಪದೆ ಸುತ್ತುವ ಹುಡುಗಿಗೆ ಈ ವಿದ್ಯೆಯು ಹೊರಗಿನದಲ್ಲ.

ಈ ತಿಂಗಳು ದೀಪವನ್ನು ಮಿನುಗಿಸಿ, ಮಣ್ಣಿನ ಪಟ್ಟಿಯನ್ನು ತೊಡಗಿರಿ. ಒಂದು ನೋಟುಬುಕ್ಕಿನಲ್ಲಿ ಮೂರು ಕಾಲಮುಗಳನ್ನು ಗೆರೆ ಹಾಕಿ, ಹಲಗೆಗೆ ಹೇಳಿದುದೇನು, ಆಗಬೇಕೆಂದು ಬಯಸಿದುದೇನು, ಆದುದೇನು ಎಂದು ಮಕ್ಕಳಿಂದ ಬರೆಯಿಸಿರಿ. ಮೂರೂ ಒಂದೇ ಆದ ದಿನ ಆ ಪಾಠವು ಮುಗಿಯಿತೆಂದು ತಿಳಿಯಬಹುದು. ಮುಂದಿನ ಸಂಚಿಕೆಯಲ್ಲಿ ಬಿಸಿಲನ್ನೂ ಶಾಖವನ್ನೂ ಅಳೆಯುವ ಬಗೆಯನ್ನು ಬರೆಯುವೆವು.